ಸಂತೆಬಾಚಹಳ್ಳಿಯ ನಡುಮನೆಯಲ್ಲಿ ಕಡಲ ತೊಟ್ಟಿ

ಹೇಮಾವತಿ ನಮ್ಮ ತಾಲ್ಲೂಕನ್ನು ಹಾದು ಕನ್ನಂಬಾಡಿಯಲ್ಲಿ ಕಾವೇರಿಗೆ ಸೇರುತ್ತದೆ. ಆ ನೀರು ಕಡಲು ಕಾಣುವುದು ತಮಿಳುನಾಡಿನ ಪೂಂಪುಹಾರದ ಬಳಿ. ಇತ್ತ ಅರಬ್ಬಿ ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು ಮಂಗಳೂರು ಮುಟ್ಟಬೇಕು. ಎರಡೂ ದಿಕ್ಕಿಗೆ ಇಷ್ಟು ದೂರವಿರುವ ಕೆ.ಆರ್.ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಂಥ ಊರಿನಲ್ಲಿ ಹವಳದ ದಿಬ್ಬದ ಮೀನು ಸಾಕಲು ಆಗುತ್ತದೆಯೇ ಎಂದು ಕೇಳಿದರೆ, ಆಗುತ್ತದೆ ಎಂದೇ ಹೇಳುತ್ತೇನೆ. ಆದರೆ ಬೆಂಗಳೂರಿನ ಅಂಗಡಿಯಲ್ಲಿ ಕಂಡ ತೊಟ್ಟಿಯನ್ನು ಹಾಗೆಯೇ ಎತ್ತಿ ತಂದು ಇಲ್ಲಿ ಇಟ್ಟರೆ ಬೇಸಿಗೆ ದಾಟುವುದಿಲ್ಲ. ನಮ್ಮ ಬೋರಿನ ನೀರು ಎಂಥದು, ಕರೆಂಟು ಎಷ್ಟು ಹೊತ್ತು ಹೋಗುತ್ತದೆ, ಏಪ್ರಿಲ್‌ನಲ್ಲಿ ತಾರಸಿ ಎಷ್ಟು ಕಾಯುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಮೀನಿನ ಯೋಚನೆ ಮಾಡಬೇಕು. ಇನ್ನೊಂದು ಷರತ್ತೂ ಇದೆ: ಕಡಲಿನಿಂದ ಕಿತ್ತು ತಂದ ಯಾವುದನ್ನೂ ಕೊಳ್ಳದೆ ತೊಟ್ಟಿ ಕಟ್ಟುವುದು. ಇಂದು ಅದು ಸಾಧ್ಯವಿದೆ. ಹಾಗಾಗಿಯೇ ಈ ಲೇಖನ ಬರೆಯುವ ಧೈರ್ಯ ಮಾಡಿದ್ದೇನೆ.

ಅಳತೆಯಿಂದ ಶುರು ಮಾಡೋಣ. 60 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ ಗಾಜಿನ ತೊಟ್ಟಿ ಸುಮಾರು 120 ಲೀಟರ್ ಹಿಡಿಯುತ್ತದೆ. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ನೀರು 100 ಲೀಟರ್ ಉಳಿಯುತ್ತದೆ. ಇದಕ್ಕಿಂತ ಚಿಕ್ಕದು ಅಗ್ಗವಾಗಿ ಕಾಣುತ್ತದೆ, ಮೇಜಿನ ಮೇಲೆ ಚೆಂದವೂ ಕಾಣುತ್ತದೆ. ಆದರೆ ನೀರು ಕಡಿಮೆಯಾದಷ್ಟೂ ಅದರ ಶಾಖ ಮತ್ತು ಉಪ್ಪು ಬೇಗ ಬೇಗ ಏರಿಳಿಯುತ್ತವೆ. 20 ಲೀಟರಿನ ತೊಟ್ಟಿಯನ್ನು ಹೊಸಬರು ಮುಟ್ಟದಿರುವುದೇ ಒಳ್ಳೆಯದು. 120 ಲೀಟರಿನ ತೊಟ್ಟಿ ತುಂಬಿದ ಮೇಲೆ ಗಾಜು, ಕಲ್ಲು ಎಲ್ಲ ಸೇರಿ ಒಂದೂವರೆ ಕ್ವಿಂಟಾಲ್ ಮೀರುತ್ತದೆ. ಆದ್ದರಿಂದ ಟಿ.ವಿ. ಸ್ಟ್ಯಾಂಡು ಸಾಲದು. ಇಟ್ಟಿಗೆ ಕಟ್ಟೆಯೋ ಬಣ್ಣ ಹೊಡೆದ ಕಬ್ಬಿಣದ ಚೌಕಟ್ಟೋ ಬೇಕು, ಮಟ್ಟಗೋಲು ಇಟ್ಟು ನೋಡಿಯೇ ತೊಟ್ಟಿ ಕೂರಿಸಬೇಕು. ಜಾಗ ನಡುಮನೆಯ ಒಳಗೋಡೆಯ ಪಕ್ಕ ಇರಲಿ. ಕಿಟಕಿಯ ಬಿಸಿಲು ಬೀಳುವ ಕಡೆ ಪಾಚಿ ಬೆಳೆಯುತ್ತದೆ, ಅಡುಗೆಮನೆಯ ಬದಿಯಲ್ಲಿ ಹೊಗೆ ಮತ್ತು ಎಣ್ಣೆಯ ಜಿಡ್ಡು ನೀರಿನ ಮೇಲೆ ಪದರ ಕಟ್ಟುತ್ತದೆ.

ಮೊದಲು ಸಾಕಬೇಕಾದದ್ದು ನೀರನ್ನು

ನಮ್ಮ ಬೋರಿನ ನೀರು ಗಡಸು ಎಂಬುದು ಸ್ನಾನದ ಹಂಡೆಯ ಒಳಗೆ ಕಟ್ಟಿದ ಬಿಳಿ ಹಕ್ಕಳೆ ನೋಡಿದವರಿಗೆಲ್ಲ ಗೊತ್ತು. ಗಡಸುತನಕ್ಕಿಂತ ಹೆಚ್ಚು ಕಾಡುವುದು ಕಣ್ಣಿಗೆ ಕಾಣದ ನೈಟ್ರೇಟ್. ವರ್ಷಗಳಿಂದ ಯೂರಿಯಾ ಬಿದ್ದ ಗದ್ದೆ, ಕಬ್ಬಿನ ಬಯಲಿನ ಬೋರುಗಳಲ್ಲಿ ಅದು ಸಾಮಾನ್ಯ. ಆ ನೀರನ್ನೇ ತೊಟ್ಟಿಗೆ ಸುರಿದರೆ ಕೂದಲಿನಂಥ ಹಸಿರು ಪಾಚಿ ಕಲ್ಲನ್ನೆಲ್ಲ ಮುಚ್ಚುತ್ತದೆ. ಓವರ್‌ಹೆಡ್ ಟ್ಯಾಂಕಿನ ನೀರಿಗೆ ಪಂಚಾಯಿತಿಯವರು ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ, ಅದರ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ.

ಸುಲಭದ ದಾರಿ ಊರಲ್ಲೇ ಇದೆ. ಕಾಸು ಹಾಕಿದರೆ 20 ಲೀಟರ್ ಕೊಡುವ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತುಂಬಿಸಿಕೊಂಡು ಬನ್ನಿ, ಕರಗಿದ ಲವಣಗಳನ್ನು ಅಳೆಯುವ, ಪೆನ್ನಿನ ಗಾತ್ರದ ಟಿಡಿಎಸ್ ಮೀಟರನ್ನು ಅದಕ್ಕೆ ಅದ್ದಿ. 30 ತೋರಿಸಬಹುದು, 120 ತೋರಿಸಬಹುದು. ಘಟಕದ ಮೆಂಬ್ರೇನ್ ಹಳೆಯದಾದಷ್ಟೂ ಅಂಕಿ ಏರುತ್ತದೆ. ಕುಡಿಯಲು ಅಷ್ಟು ಸಾಕು, ಹವಳದ ತೊಟ್ಟಿಗೆ ಸೊನ್ನೆಯ ಹತ್ತಿರ ಬೇಕು. ಅದಕ್ಕಾಗಿ, ಉಳಿದ ಲವಣಗಳನ್ನು ಹೀರುವ ಡಿಐ ರೆಸಿನ್ ತುಂಬಿದ ಒಂದು ಕೊಳವೆಯ ಮೂಲಕ ಈ ನೀರನ್ನು ಸಣ್ಣ ಧಾರೆಯಾಗಿ ಹಾಯಿಸಬೇಕು. ಬಣ್ಣ ಬದಲಿಸುವ ಬಗೆಯ ರೆಸಿನ್ ಕೊಂಡರೆ ಕೆಲಸ ಸಲೀಸು. ಸಾಸಿವೆಯಷ್ಟು ಸಣ್ಣ ಕಾಳುಗಳು ನೀರು ಒಳಬರುವ ತುದಿಯಿಂದ ಒಂದೊಂದೇ ಬೆರಳಷ್ಟು ಬಣ್ಣ ಕಳೆದುಕೊಳ್ಳುತ್ತಾ ಹೋಗುತ್ತವೆ. ಮುಕ್ಕಾಲು ಕೊಳವೆ ಬಣ್ಣ ಬದಲಿಸಿತೆಂದರೆ ಹೊಸ ರೆಸಿನ್ ತರಿಸುವ ಹೊತ್ತಾಯಿತು. ಮನೆಯಲ್ಲೇ ಆರ್‌ಒ ಯಂತ್ರ ಇರುವವರು ಒಂದು ವಿಷಯ ಗಮನಿಸಬೇಕು. ರುಚಿಗಾಗಿ ಖನಿಜ ಬೆರೆಸುವ ಕಾರ್ಟ್ರಿಜ್, ಹಸಿ ನೀರನ್ನು ಸ್ವಲ್ಪ ಸೇರಿಸುವ ಟಿಡಿಎಸ್ ಕಂಟ್ರೋಲರ್ ಎರಡೂ ಅದರಲ್ಲಿರುತ್ತವೆ. ಅವುಗಳಿಗೆ ಮುಂಚೆಯೇ, ಮೆಂಬ್ರೇನಿನಿಂದ ಹೊರಬೀಳುವ ನೀರನ್ನು ಬೇರೆ ಪೈಪಿನಲ್ಲಿ ಹಿಡಿಯಬೇಕು.

ಇನ್ನು ಉಪ್ಪು. ಅಡುಗೆ ಉಪ್ಪು, ಕಲ್ಲುಪ್ಪು ಯಾವುದೂ ನಡೆಯದು. ಅದು ಬಹುಪಾಲು ಬರೀ ಸೋಡಿಯಂ ಕ್ಲೋರೈಡ್. ಕಡಲ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಎಲ್ಲ ಇಂತಿಷ್ಟು ಎಂಬ ಅನುಪಾತದಲ್ಲಿವೆ. ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರದ ಉಪ್ಪನ್ನು ಲೀಟರಿಗೆ 36 ಗ್ರಾಂ ಲೆಕ್ಕದಲ್ಲಿ ಬೆರೆಸಬೇಕು, ಮೊದಲ ಸಲದ 100 ಲೀಟರಿಗೆ 3.6 ಕಿಲೋ. ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಹಾಗೆ ಸುರಿದರೆ ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕೆ ಕೂರುತ್ತದೆ. ಸಣ್ಣ ಪಂಪು ಹಾಕಿ ಒಂದು ರಾತ್ರಿ ತಿರುಗಿಸಿ, ಬೆಳಿಗ್ಗೆ ಅಳೆಯಿರಿ. ಸಾಂದ್ರತೆ 1.025 ಅಥವಾ 1.026 ಇರಬೇಕು. ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರನ್ನು ನಾನು ನಂಬುವುದಿಲ್ಲ. ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಅಂಕಿ ತಪ್ಪುತ್ತದೆ. ಗಾಜಿನ ಮೇಲೆ ಎರಡು ಹನಿ ಹಾಕಿ ಬೆಳಕಿಗೆ ಹಿಡಿದು ನೋಡುವ ರಿಫ್ರ್ಯಾಕ್ಟೋಮೀಟರ್ ಕೊಳ್ಳಿ. ಜೊತೆಗೆ ಅದನ್ನು ಸರಿಹೊಂದಿಸುವ 35 ಪಿಪಿಟಿ ದ್ರಾವಣದ ಸಣ್ಣ ಬಾಟಲಿಯೂ ಇರಲಿ.

ದಿನನಿತ್ಯ ಆರುವ ನೀರಿನ ವಿಷಯದಲ್ಲಿ ಹೊಸಬರು ಎಡವುವುದು ಹೆಚ್ಚು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. 100 ಲೀಟರಿನಲ್ಲಿ ಐದು ಲೀಟರ್ ಆರಿದರೆ 1.025 ಇದ್ದದ್ದು 1.026 ದಾಟುತ್ತದೆ. ಆ ಕೊರತೆಯನ್ನು ಉಪ್ಪು ಹಾಕದ ಸಪ್ಪೆ ನೀರಿನಿಂದ ತುಂಬಬೇಕು. ಗಾಜಿನ ಮೇಲೆ ನೀರಿನ ಮಟ್ಟಕ್ಕೊಂದು ಗೆರೆ ಎಳೆದು, ದಿನವೂ ಅದೇ ಹೊತ್ತಿಗೆ ಆ ಗೆರೆಯವರೆಗೆ ತುಂಬಿ. ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಲೀಟರ್ ಬೇಕಾಗುತ್ತದೆ, ಅಷ್ಟು ನೀರು ಯಾವಾಗಲೂ ಕ್ಯಾನಿನಲ್ಲಿ ಸಿದ್ಧವಿರಲಿ.

ಕಲ್ಲು ಕೂರಿಸಿ ಕಾಯುವುದು

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲನೇ ಅನುಸೂಚಿಯಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪುಹವಳ, ಬೆಂಕಿಹವಳ, ಸಮುದ್ರ ಬೀಸಣಿಗೆ ಸೇರಿವೆ. 2001ರಲ್ಲಿ ಇವನ್ನು ಪಟ್ಟಿಗೆ ಸೇರಿಸಲಾಯಿತು. ಸಮುದ್ರಕುದುರೆ, ಸಮುದ್ರಸೌತೆಗಳಿಗೂ ಈ ಕಾಯ್ದೆಯ ರಕ್ಷಣೆಯಿದೆ. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಅಂಗಡಿಯಲ್ಲಿ ‘ಲೈವ್ ರಾಕ್’ ಎಂದು ಮಾರುವ ಕಲ್ಲು ಕಡಲಿನಿಂದ ಒಡೆದು ತಂದದ್ದಾದರೆ ಅದು ಹವಳದ ಅಸ್ಥಿಯೇ. ಅಂಥದ್ದನ್ನು ಕೊಂಡವರು ಕಾನೂನನ್ನೂ ಮುರಿದಂತೆ, ದಿಬ್ಬವನ್ನೂ ಮುರಿದಂತೆ.

ದಿಬ್ಬಗಳಿಗೆ ಈಗಲೇ ಸಾಕಷ್ಟು ಪೆಟ್ಟು ಬಿದ್ದಿದೆ. ಲಕ್ಷದ್ವೀಪದ ಹವಳಗಳು 1998, 2010, 2016, ಮತ್ತೆ 2024ರಲ್ಲಿ ಕಡಲು ಕಾದು ಬಿಳಿಚಿಕೊಂಡವು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿದ್ದು, ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ. ನೀರು ಮಿತಿಮೀರಿ ಕಾದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಬಣ್ಣವೂ ಹೋಗುತ್ತದೆ, ಊಟವೂ ಹೋಗುತ್ತದೆ. ನಮ್ಮ ರಾಜ್ಯದಲ್ಲೇ ಹವಳ ನೋಡಬೇಕೆಂದರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ನೀರಿಗಿಳಿಯಬಹುದು. ತೊಟ್ಟಿ ಕಟ್ಟುವ ಮುಂಚೆ ಒಮ್ಮೆ ಹೋಗಿಬಂದರೆ, ಯಾವ ಮೀನು ಎಷ್ಟು ಜಾಗ ಓಡಾಡುತ್ತದೆ ಎಂಬ ಅಂದಾಜು ಸಿಗುತ್ತದೆ. ಅಂಗಡಿಯ ಗಾಜಿನ ಮುಂದೆ ನಿಂತರೆ ಅದು ತಿಳಿಯುವುದಿಲ್ಲ.

ತೊಟ್ಟಿಗೆ ಬೇಕಾದ ಕಲ್ಲನ್ನು ಮನುಷ್ಯರೇ ಮಾಡಿದ್ದಾರೆ. ಸುಟ್ಟ ಸೆರಾಮಿಕ್ ಕಲ್ಲು ಸಿಗುತ್ತದೆ. ಸಿಮೆಂಟಿಗೆ ಅರಗೊನೈಟ್ ಎಂಬ ಸುಣ್ಣದ ಖನಿಜದ ಜಲ್ಲಿ ಬೆರೆಸಿ ಮನೆಯಲ್ಲೇ ಎರಕ ಹೊಯ್ದುಕೊಳ್ಳುವವರೂ ಇದ್ದಾರೆ. ಹೊಸ ಸಿಮೆಂಟು ನೀರಿನ ಪಿಎಚ್ ಅನ್ನು ಮೀನು ಬದುಕಲಾರದಷ್ಟು ಏರಿಸುವುದರಿಂದ, ಆ ಕಲ್ಲನ್ನು ಆರೆಂಟು ವಾರ ತೊಟ್ಟಿಯ ಹೊರಗೆ ನೆನೆಹಾಕಿ, ಮತ್ತೆ ಮತ್ತೆ ನೀರು ಬದಲಿಸಿ, ಪಿಎಚ್ 8.5ರ ಕೆಳಗೆ ನಿಂತ ಮೇಲಷ್ಟೇ ಬಳಸಬೇಕು. ತಳಕ್ಕೆ ಹೊಳೆಯ ಮರಳು ಬೇಡ, ಅರಗೊನೈಟ್ ಮರಳು ಎರಡು ಬೆರಳು ದಪ್ಪ ಹಾಕಿದರೆ ಸಾಕು. ಕಲ್ಲನ್ನು ಗಾಜಿಗೆ ಒರಗಿಸದೆ, ಹಿಂದೆ ಮುಂದೆ ನೀರು ಹರಿಯುವಂತೆ, ನಡುನಡುವೆ ಗವಿಗಳು ಉಳಿಯುವಂತೆ ಜೋಡಿಸಿ.

ಇಷ್ಟಾದ ಮೇಲೆ ಕಾಯಬೇಕು. ಒಂದು ಚಿಟಿಕೆ ಮೀನಿನ ಆಹಾರ ಅಥವಾ ಒಂದು ಸಣ್ಣ ಸೀಗಡಿ ತುಂಡು ಹಾಕಿ ಕೊಳೆಯಲು ಬಿಡಿ. ಕೊಳೆತದ್ದು ಅಮೋನಿಯ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ, ಮೂರನೆಯದು ಅಷ್ಟಾಗಿ ಅಲ್ಲ. ಈ ಬ್ಯಾಕ್ಟೀರಿಯಾ ಕಲ್ಲಿನ ಸಂದುಗೊಂದುಗಳಲ್ಲಿ ನೆಲೆ ಕಾಣಲು ನಾಲ್ಕರಿಂದ ಆರು ವಾರ ಬೇಕು. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಒಂದು ಮೀನನ್ನೂ ಬಿಡಬೇಡಿ. ಈ ನಡುವೆ ಗಾಜು, ಮರಳಿನ ಮೇಲೆ ಕಂದು ಬಣ್ಣದ ಧೂಳಿನಂಥ ಪದರ ಬರುತ್ತದೆ. ಅದು ಡಯಾಟಮ್. ತಾನಾಗಿ ಬಂದು ತಾನಾಗಿ ಹೋಗುತ್ತದೆ, ಅದಕ್ಕೆ ಔಷಧಿ ಹುಡುಕುವುದು ಬೇಡ.

ಕರೆಂಟು, ಬಿಸಿಲು, ಮೈಲುತುತ್ತ

ಉಪ್ಪುನೀರಿನಲ್ಲಿ ಆಮ್ಲಜನಕ ಸಿಹಿನೀರಿಗಿಂತ ಕಡಿಮೆ ಕರಗುತ್ತದೆ, ನೀರು ಬಿಸಿಯಾದರೆ ಇನ್ನೂ ಕಡಿಮೆ. ಪಂಪು ನಿಂತು ನೀರು ಅಲುಗಾಡದಿದ್ದರೆ ಸೆಖೆಯ ರಾತ್ರಿಯಲ್ಲಿ ಕೆಲವೇ ಗಂಟೆಗಳಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ಹೀಗಾಗಿ ಲೈಟಿಗೆ ದುಡ್ಡು ಹಾಕುವ ಮೊದಲು ಯುಪಿಎಸ್‌ಗೆ ಹಾಕಿ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ 1,800 ವಾಟ್-ಗಂಟೆ ಇರುತ್ತದೆ. ಅರ್ಧವನ್ನಷ್ಟೇ ಬಳಸಿದರೆ 900. ನೀರು ತಿರುಗಿಸುವ ಪಂಪು, ಫಿಲ್ಟರ್ ಪಂಪು, ಗಾಳಿ ಪಂಪು ಮೂರೂ ಸೇರಿ 30 ವಾಟ್ ಎಂದುಕೊಳ್ಳಿ. ಯುಪಿಎಸ್ ತಾನೇ ತಿನ್ನುವುದನ್ನು ಕಳೆದರೂ, ತೊಟ್ಟಿಗೆಂದೇ ಇಟ್ಟರೆ 15 ಗಂಟೆಗೆ ಮೋಸವಿಲ್ಲ. ಮನೆಯ ಫ್ಯಾನು, ಟಿ.ವಿ.ಯೂ ಅದರಲ್ಲೇ ಓಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಲೈಟು, ಹೀಟರ್‌ಗಳನ್ನು ಯುಪಿಎಸ್‌ಗೆ ಕೊಡಬೇಡಿ, ಒಂದು ರಾತ್ರಿ ಅವಿಲ್ಲದೆ ನಡೆಯುತ್ತದೆ. ಕರೆಂಟು ಹೋದಾಗ ತಾನಾಗಿ ಶುರುವಾಗುವ ಬ್ಯಾಟರಿ ಗಾಳಿ ಪಂಪೊಂದು ಜೊತೆಗಿದ್ದರೆ ಇನ್ನೂ ನಿಶ್ಚಿಂತೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಈ ಲೈನಿಗೆ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಹಾಕಿಸಲೇಬೇಕು. ವೈರುಗಳು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಆಮೇಲೆ ಮೇಲೇರಲಿ. ಹಾಗಿದ್ದರೆ ವೈರಿಗುಂಟ ಇಳಿದ ನೀರು ಸಾಕೆಟ್ಟಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

ನೀರಿನ ಶಾಖ 25ರಿಂದ 27 ಡಿಗ್ರಿ ಇರಬೇಕು. 29 ದಾಟಿದರೆ ಅಪಾಯ. ಹೆಂಚಿನ ಮನೆಯವರಿಗೆ ಸ್ವಲ್ಪ ಅನುಕೂಲ. ತಾರಸಿ ಮನೆಯಲ್ಲಿ ಹಗಲೆಲ್ಲ ಕಾದ ಛಾವಣಿ ಸಂಜೆಯಿಂದ ಒಳಗೆ ಶಾಖ ಬಿಡುತ್ತದೆ, ತೊಟ್ಟಿಯ ನೀರು ಅತಿ ಬಿಸಿಯಾಗುವುದು ರಾತ್ರಿ ಎಂಟು ಒಂಬತ್ತರ ಹೊತ್ತಿಗೆ. ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವ ಸಣ್ಣ ಫ್ಯಾನು ಎರಡು ಮೂರು ಡಿಗ್ರಿ ಇಳಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಲೈಟನ್ನು ಮಧ್ಯಾಹ್ನ, ಸಂಜೆ ಬಿಟ್ಟು ಬೆಳಗಿನ ತಂಪು ಹೊತ್ತಿನಲ್ಲಿ ಐದು ಗಂಟೆ ಮಾತ್ರ ಉರಿಸಬಹುದು. ನೀರು ತುಂಬಿ ಮಂಜುಗಟ್ಟಿಸಿ ಬಿರಡೆ ಬಿಗಿದ ಒಂದೆರಡು ಬಾಟಲಿ ಫ್ರಿಜ್ಜಿನಲ್ಲಿದ್ದರೆ ತುರ್ತಿಗೆ ತೇಲಿಬಿಡಲು ಆಗುತ್ತದೆ. ಮಂಜುಗಡ್ಡೆಯನ್ನು ಮಾತ್ರ ನೇರವಾಗಿ ನೀರಿಗೆ ಹಾಕಬಾರದು, ಕರಗಿದರೆ ಉಪ್ಪಿನ ಮಟ್ಟ ಬದಲಾಗುತ್ತದೆ. ಡಿಸೆಂಬರ್, ಜನವರಿ ರಾತ್ರಿಗಳಿಗೆ 100 ವಾಟಿನ ಹೀಟರ್ ಸಾಕು.

ನಮ್ಮ ಕಡೆಯ ಇನ್ನೊಂದು ಅಪಾಯದ ಬಗ್ಗೆ ಅಕ್ವೇರಿಯಂ ಪುಸ್ತಕಗಳು ಹೇಳುವುದಿಲ್ಲ. ಅಡಿಕೆ, ತೆಂಗು ಇರುವ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತ ಇರುತ್ತದೆ. ಅದು ತಾಮ್ರದ ಸಲ್ಫೇಟ್. ಮೀನು ತಾಳಿಕೊಳ್ಳಬಹುದಾದಷ್ಟು ತಾಮ್ರವನ್ನು ಸೀಗಡಿ, ಬಸವನಹುಳು, ಹವಳ ತಾಳಲಾರವು. ಔಷಧಿ ಹೊಡೆದು ಬಂದ ಕೈಯನ್ನು ಎಷ್ಟೇ ತೊಳೆದಿದ್ದರೂ ಆ ದಿನ ತೊಟ್ಟಿಗೆ ಇಳಿಸಬೇಡಿ. ತೊಟ್ಟಿಯ ಬಕೆಟ್ಟು, ಮಗ್ಗುಗಳನ್ನು ಬೇರೆ ಬಣ್ಣದಲ್ಲಿ ಕೊಂಡು, ಬೇರೆ ಯಾವ ಕೆಲಸಕ್ಕೂ ಬಳಸಬಾರದೆಂದು ಮನೆಯವರಿಗೆಲ್ಲ ಹೇಳಿಡಿ. ತಾಮ್ರದ ಹಂಡೆ, ಹಿತ್ತಾಳೆ ನಲ್ಲಿಯ ನೀರೂ ಬೇಡ. ಸೊಳ್ಳೆಬತ್ತಿ ಮತ್ತು ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಔಷಧಿಯಲ್ಲಿರುವ ಪೈರೆಥ್ರಾಯ್ಡ್ ಸೀಗಡಿಗೆ ಮಾರಕ, ಗಾಳಿ ಪಂಪು ಅದನ್ನು ಎಳೆದು ನೇರವಾಗಿ ನೀರಿಗೆ ಊದುತ್ತದೆ. ತೊಟ್ಟಿ ಇರುವ ಕೋಣೆಯಲ್ಲಿ ಸೊಳ್ಳೆಪರದೆ ಕಟ್ಟಿಕೊಳ್ಳಿ. ಡೆಂಗ್ಯೂ ಕಾಲದಲ್ಲಿ ಬೀದಿಗೆ ಫಾಗಿಂಗ್ ಮಾಡಲು ಬಂದರೆ ಕಿಟಕಿ ಮುಚ್ಚಿ, ತೊಟ್ಟಿಗೆ ಒದ್ದೆ ಬಟ್ಟೆ ಹೊದಿಸಿ, ಗಾಳಿ ಪಂಪನ್ನು ಅರ್ಧ ಗಂಟೆ ನಿಲ್ಲಿಸಿ.

ಯಾರನ್ನು ಮನೆಗೆ ಕರೆಯುವುದು

ಮಕ್ಕಳು ನೀಮೋ ಎಂದು ಕರೆಯುವ ಕಿತ್ತಳೆ ಬಣ್ಣದ ಕ್ಲೌನ್ ಮೀನು ಇಂಥ ತೊಟ್ಟಿಗೆ ಹೇಳಿ ಮಾಡಿಸಿದಂತಿದೆ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ತನ್ನ ವಿಳಿಂಜಂ, ಮಂಡಪಂ ಕೇಂದ್ರಗಳಲ್ಲಿ ಕ್ಲೌನ್ ಮೀನಿನ ಹಲವು ಜಾತಿಗಳನ್ನು ಮೊಟ್ಟೆಯಿಂದ ಮರಿ ಮಾಡಿಸುವ ವಿಧಾನ ಕಂಡುಕೊಂಡಿದೆ. ಈಗ ಅಂಗಡಿಗೆ ಬರುವ ಕ್ಲೌನ್‌ಗಳಲ್ಲಿ ಹ್ಯಾಚರಿಯಲ್ಲಿ ಹುಟ್ಟಿದವು ಸಿಗುತ್ತವೆ. ಹ್ಯಾಚರಿಯದೇ ಬೇಕೆಂದು ಕೇಳಿ ಕೊಳ್ಳಿ, ಬಿಲ್ಲು ಪಡೆಯಿರಿ. ಅಂಗಡಿಯಲ್ಲಿ ನಿಮ್ಮ ಕಣ್ಣೆದುರೇ ಆಹಾರ ಹಾಕಿಸಿ ನೋಡಿ. ಹ್ಯಾಚರಿ ಮೀನು ಕಾಳಿನಂಥ ಒಣ ಆಹಾರಕ್ಕೆ ಓಡಿಬರುತ್ತದೆ, ಕಡಲಿನಿಂದ ಹಿಡಿದದ್ದು ಹೆಚ್ಚಾಗಿ ಮೂಲೆ ಸೇರುತ್ತದೆ.

ಕ್ಲೌನ್ ಮೀನು ಬೆಳೆಯುವಾಗ ಮೊದಲು ಎಲ್ಲವೂ ಗಂಡು. ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಬದಲಾಗುತ್ತದೆ. ಹೀಗಾಗಿ ಒಂದು ದೊಡ್ಡ ಮರಿ, ಒಂದು ಚಿಕ್ಕ ಮರಿ ತಂದರೆ ಜಗಳ ಕಡಿಮೆ. ಚಿಕ್ಕದು ದೊಡ್ಡದರ ಮುಂದೆ ಒಂದು ಮಗ್ಗುಲಿಗೆ ಮಾಲಿ ಮೈ ನಡುಗಿಸುತ್ತದೆ. ಅದು ರೋಗವಲ್ಲ, ನಿನ್ನ ಮಾತೇ ನಡೆಯಲಿ ಎಂದು ಒಪ್ಪಿಕೊಳ್ಳುವ ರೀತಿ. ಕಡಲಿನಲ್ಲಿ ಅವು ಆಸರೆ ಪಡೆಯುವ ಅನಿಮೋನಿ ಎಂಬ ಜೀವಿ ತೊಟ್ಟಿಯಲ್ಲೂ ಬೇಕೇಬೇಕು ಎಂಬ ಮಾತು ಕೇಳಿರುತ್ತೀರಿ. ತೊಟ್ಟಿಯಲ್ಲಿ ಬೇಟೆಯಾಡುವವರು ಇಲ್ಲವಾದ್ದರಿಂದ ಬೇಡ. ಅನಿಮೋನಿ ಅಲೆದಾಡಿ ಪಂಪಿಗೆ ಸಿಕ್ಕಿ ಸತ್ತರೆ ಇಡೀ ತೊಟ್ಟಿ ಹಾಳಾಗುತ್ತದೆ.

ಜೋಡಿ ಕ್ಲೌನ್, ಮರಳಿನ ಮೇಲೆ ಓಡಾಡುವ ಒಂದು ಸಣ್ಣ ಗೋಬಿ, ಒಂದು ಕ್ಲೀನರ್ ಸೀಗಡಿ, ಪಾಚಿ ತಿನ್ನುವ ಏಳೆಂಟು ಬಸವನಹುಳು. 100 ಲೀಟರಿಗೆ ಅಷ್ಟೇ. ನೀಲಿ ಟ್ಯಾಂಗ್ ಮೀನು ಒಂದಡಿ ಬೆಳೆಯುತ್ತದೆ. ಮ್ಯಾಂಡರಿನ್ ಮೀನು ಕಲ್ಲಿನ ಮೇಲಿನ ಜೀವಂತ ಸೂಕ್ಷ್ಮಜೀವಿಗಳನ್ನೇ ದಿನವಿಡೀ ಹೆಕ್ಕುವುದರಿಂದ ಸಣ್ಣ ತೊಟ್ಟಿಯಲ್ಲಿ ಹಸಿವಿನಿಂದ ಸೊರಗಿ ಸಾಯುತ್ತದೆ. ಚಿಟ್ಟೆ ಮೀನುಗಳ ಹಲವು ಜಾತಿಗಳು ಹವಳವನ್ನು ತಿನ್ನುತ್ತವೆ. ಇವು ಎಷ್ಟೇ ಕಣ್ಣು ಸೆಳೆದರೂ ಅಂಗಡಿಯಲ್ಲೇ ಬಿಟ್ಟು ಬನ್ನಿ. ಅವನ್ನು ಕೊಳ್ಳುವವರು ಕಡಿಮೆಯಾದಷ್ಟೂ ಹಿಡಿಯುವುದೂ ಕಡಿಮೆಯಾಗುತ್ತದೆ.

ಕ್ಲೀನರ್ ಸೀಗಡಿಯ ಕೆಲಸ ನೋಡುವಂಥದ್ದು. ಕೆಂಪು ಬೆನ್ನಿನ ಮೇಲೆ ಒಂದು ಬಿಳಿ ಗೆರೆ. ಗವಿಯ ಬಾಯಲ್ಲಿ ನಿಂತು ಉದ್ದನೆಯ ಬಿಳಿ ಮೀಸೆಗಳನ್ನು ಅತ್ತಿತ್ತ ಆಡಿಸುತ್ತದೆ. ಮೀನು ಹತ್ತಿರ ಬಂದು ಕಿವಿರು ಅಗಲಿಸಿ ನಿಂತರೆ, ಮೈ ಮೇಲೆ ಹತ್ತಿ ಸತ್ತ ಚರ್ಮವನ್ನೂ ಹುಳುವನ್ನೂ ಹೆಕ್ಕಿ ತಿನ್ನುತ್ತದೆ. ನೀವು ಕೈ ಇಳಿಸಿ ಅಲುಗಾಡಿಸದೆ ಹಿಡಿದರೆ ಉಗುರಿನ ಸಂದನ್ನೂ ಬಿಡುವುದಿಲ್ಲ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋ ದ್ವೀಪದ ಹೆಣ್ಣುಮಕ್ಕಳಿಗೆ ಅಲಂಕಾರಿಕ ಸೀಗಡಿ ಸಾಕುವುದನ್ನು ಕಲಿಸಿದೆ. ಅಂಥ ಸಾಕಿದ ಸೀಗಡಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಬೆಂಗಳೂರಿನಿಂದ ಮೀನು ತರುವಾಗ ಆಮ್ಲಜನಕ ತುಂಬಿಸಿದ ಚೀಲವನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ತನ್ನಿ. ಬಸ್ಸಿನ ಎಂಜಿನ್ನಿನ ಬದಿ ಬೇಡ. ಮನೆಗೆ ಬಂದ ಮೇಲೆ ಚೀಲವನ್ನು ಬಿಚ್ಚದೆ ಕಾಲು ಗಂಟೆ ನೀರಿನಲ್ಲಿ ತೇಲಿಬಿಟ್ಟು ಶಾಖ ಹೊಂದಿಸಿ. ಬಿಚ್ಚಿದ ಮೇಲೆ ತಡ ಮಾಡಬಾರದು. ಚೀಲದೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಹೋದೊಡನೆ ಪಿಎಚ್ ಏರಿ, ಅಲ್ಲಿ ಸೇರಿದ್ದ ಅಮೋನಿಯ ವಿಷವಾಗುತ್ತದೆ. ಅಂಗಡಿಯ ನೀರಿನ ಉಪ್ಪಿನ ಅಳತೆ ಮೊದಲೇ ಕೇಳಿಕೊಂಡು, ಅದೇ ಅಳತೆಯ ನೀರನ್ನು ಬೇರೊಂದು ಟಬ್ಬಿನಲ್ಲಿ ಸಿದ್ಧವಿಟ್ಟರೆ ಮೀನನ್ನು ಮಾತ್ರ ಎತ್ತಿ ಅಲ್ಲಿಗೆ ಬಿಡಬಹುದು. ಚೀಲದ ನೀರು ತೊಟ್ಟಿಗೆ ಬೀಳಬಾರದು. ಆ ಟಬ್ಬಿನಲ್ಲೇ ಮೂರು ನಾಲ್ಕು ವಾರ ಇಟ್ಟು ಗಮನಿಸಿ. ಮೈಮೇಲೆ ಉಪ್ಪಿನ ಹರಳು ಉದುರಿದಂತೆ ಬಿಳಿ ಚುಕ್ಕೆ ಕಂಡರೆ ಕ್ರಿಪ್ಟೊಕಾರಿಯಾನ್ ರೋಗ. ಅದಕ್ಕಿರುವ ತಾಮ್ರದ ಔಷಧಿಯನ್ನು ಟಬ್ಬಿನಲ್ಲಿ ಕೊಡಬಹುದು, ಮುಖ್ಯ ತೊಟ್ಟಿಯಲ್ಲಿ ಎಂದಿಗೂ ಕೊಡಕೂಡದು.

ಹವಳದ ಸಂಗತಿ. ಮೊದಲ ವರ್ಷ ಏನೂ ಬೇಡ ಎಂಬುದು ನನ್ನ ಅಭಿಪ್ರಾಯ. ಆಮೇಲೂ ಕಲ್ಲುಹವಳ ಬೇಡ, ಕಾರಣ ಹೇಳಿಯಾಗಿದೆ. ಮಶ್ರೂಮ್, ಜೊವಾಂಥಿಡ್, ಲೆದರ್ ಎಂಬ ಮೆತ್ತನೆಯ ಬಗೆಗಳು ತುಂಡಿನಿಂದ ಬೆಳೆಯುತ್ತವೆ. ಬೇರೆಯವರ ತೊಟ್ಟಿಯಲ್ಲಿ ಬೆಳೆದು ಕತ್ತರಿಸಿದ ತುಂಡನ್ನೇ ಪಡೆಯಿರಿ. ಎಲ್ಲಿಂದ ಬಂತೆಂದು ಹೇಳಲಾರದವರಿಂದ ಕೊಳ್ಳಬೇಡಿ. ಇವಕ್ಕೆ ದಿನಕ್ಕೆ ಎಂಟು ಗಂಟೆ ನೀಲಿ-ಬಿಳಿ ಎಲ್‌ಇಡಿ ಬೆಳಕು ಸಾಕು. ಬೇಸಿಗೆಯಲ್ಲಿ ಐದು ಗಂಟೆಗೆ ಇಳಿಸಿದರೂ ತಡೆದುಕೊಳ್ಳುತ್ತವೆ. ಜೊವಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಕೈಗವಸು ಹಾಕದೆ ಮುಟ್ಟಬೇಡಿ, ಅದು ಅಂಟಿದ ಕಲ್ಲನ್ನು ಬಿಸಿನೀರು ಹಾಕಿ ತೊಳೆಯುವುದು, ಕುದಿಸುವುದು ಪ್ರಾಣಕ್ಕೇ ಕುತ್ತು.

ವಾರದ ಕೆಲಸ

ಊಟ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಒಣ ಆಹಾರದ ಜೊತೆ ವಾರದಲ್ಲಿ ಎರಡು ದಿನ ಫ್ರೀಜ್ ಮಾಡಿದ, ಸೀಗಡಿಯಂಥ ಕಿರುಜೀವಿಗಳಾದ ಮೈಸಿಸ್ ಅಥವಾ ಆರ್ಟೀಮಿಯಾವನ್ನು ಕರಗಿಸಿ ಜರಡಿಯಲ್ಲಿ ತೊಳೆದು ಕೊಡಿ. ಮದುವೆ, ಜಾತ್ರೆಗೆ ಎರಡು ದಿನ ಹೋಗಬೇಕಾದರೆ ಊಟ ಹಾಕುವಂತೆ ಪಕ್ಕದ ಮನೆಯವರಿಗೆ ಹೇಳಬೇಡಿ. ಎರಡು ದಿನದ ಉಪವಾಸಕ್ಕೆ ಮೀನಿಗೆ ಏನೂ ಆಗುವುದಿಲ್ಲ, ಪ್ರೀತಿಯಿಂದ ಹಾಕಿದ ಒಂದು ಮುಷ್ಟಿ ಆಹಾರಕ್ಕೆ ತೊಟ್ಟಿ ಕೊಳೆಯುತ್ತದೆ. ಗೆರೆಯವರೆಗೆ ಸಪ್ಪೆ ನೀರು ಹಾಕಿ, ಪಂಪು ತಿರುಗುತ್ತಿದೆಯೇ ನೋಡಿ ಎಂದಷ್ಟೇ ಹೇಳಿ.

ವಾರಕ್ಕೊಮ್ಮೆ 10 ಲೀಟರ್ ನೀರು ತೆಗೆದು, ಹಿಂದಿನ ದಿನವೇ ಬೆರೆಸಿಟ್ಟ 10 ಲೀಟರ್ ಉಪ್ಪುನೀರು ಹಾಕಿ. ಮೆತ್ತನೆಯ ಹವಳಗಳಷ್ಟೇ ಇರುವ ತೊಟ್ಟಿಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಇದರಿಂದಲೇ ಸಿಗುತ್ತದೆ, ಬೇರೆ ಬಾಟಲಿಗಳನ್ನು ಕೊಳ್ಳುವ ಅಗತ್ಯವಿಲ್ಲ. ಅಂಚಿಗೆ, ವೈರಿಗೆ ಕಟ್ಟಿದ ಉಪ್ಪಿನ ಹಕ್ಕಳೆಯನ್ನು ಸಪ್ಪೆ ನೀರಿನ ಬಟ್ಟೆಯಿಂದ ಒರೆಸಿ. ನೈಟ್ರೇಟ್ 10 ಪಿಪಿಎಂ ಒಳಗಿದ್ದರೆ ಸರಿ. ಏರುತ್ತಿದ್ದರೆ ಊಟ ಹೆಚ್ಚಾಗಿದೆ ಎಂದರ್ಥ. ಶಾಖ, ಸಾಂದ್ರತೆ, ಹಾಕಿದ ಸಪ್ಪೆ ನೀರಿನ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಕೆಲಸವನ್ನು ಮನೆಯ ಮಕ್ಕಳಿಗೆ ಕೊಡಿ, ಅವರು ದೊಡ್ಡವರಿಗಿಂತ ಶ್ರದ್ಧೆಯಿಂದ ಮಾಡುತ್ತಾರೆ.

ತೆಗೆದ ಹಳೆಯ ನೀರನ್ನು ಏನು ಮಾಡುವುದು? ವಾರಕ್ಕೆ 10 ಲೀಟರ್ ಎಂದರೆ ಸುಮಾರು 350 ಗ್ರಾಂ ಉಪ್ಪು, ವರ್ಷಕ್ಕೆ 18 ಕಿಲೋ. ನಾಲೆ ನೀರು ನಿಂತು ಚೌಳಾದ ಗದ್ದೆಗಳನ್ನು ಕಂಡಿರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಸೊಪ್ಪಿನ ಮಡಿಗೋ ಬಾಳೆಯ ಬುಡಕ್ಕೋ ಕೆರೆಗೆ ಹರಿಯುವ ಚರಂಡಿಗೋ ಸುರಿಯಬಾರದು. ತೆಂಗು ಉಪ್ಪನ್ನು ತಾಳುವ ಮರ, ಬುಡಕ್ಕೆ ಉಪ್ಪು ಹಾಕುವ ರೂಢಿಯೂ ಹಳೆಯದು. ಫಲ ಬಿಡುವ ದೊಡ್ಡ ಮರಗಳಿಗೆ ಸರದಿಯಂತೆ, ಈ ವಾರ ಒಂದಕ್ಕೆ ಮುಂದಿನ ವಾರ ಇನ್ನೊಂದಕ್ಕೆ, ಬುಡದಿಂದ ಮಾರು ದೂರದಲ್ಲಿ ಹರಡಿ ಹಾಕಿ. ಔಷಧಿ ಬಳಸಿದ ಟಬ್ಬಿನ ನೀರು ಮಾತ್ರ ತೋಟಕ್ಕೆ ಬೇಡ, ಅದು ಬಚ್ಚಲ ಗುಂಡಿಗೆ ಹೋಗಲಿ.